ಪರದೆ ಕೊಳ್ಳುವ ಮೊದಲು ಒಂದು ರಾತ್ರಿ ಮಗುವಿನ ಜಾಗದಲ್ಲಿ ಮಲಗಿ ನೋಡಿ

ಪ್ರಶ್ನೆ: ಡಾಕ್ಟ್ರೇ, ನಾವು ಹಾಸನದ ಸಾಲಗಾಮೆ ರಸ್ತೆ ಕಡೆ ಬಾಡಿಗೆ ಮನೆಯಲ್ಲಿದ್ದೇವೆ. ಮಗಳಿಗೆ ಮೂರೂವರೆ ವರ್ಷ, ಮಗನಿಗೆ ಏಳು ತಿಂಗಳು. ಎಲ್ಲರೂ ಒಂದೇ ಕೋಣೆಯಲ್ಲಿ ಮಲಗುತ್ತೇವೆ. ಕಿಟಕಿ ಎದುರಿಗೇ ಬೀದಿ ದೀಪ. ಹಳೆಯ ಹಳದಿ ದೀಪ ತೆಗೆದು ಬಿಳಿ ಎಲ್‌ಇಡಿ ಹಾಕಿದ ಮೇಲೆ ಕೋಣೆಯೆಲ್ಲ ಬೆಳಕು. ಮಗಳು ರಾತ್ರಿ ಹನ್ನೊಂದಾದರೂ ಮಲಗುವುದಿಲ್ಲ. ಸಂಜೆ ಅಜ್ಜಿ ಜತೆ ಕಾಫಿ ಕುಡಿದು ಟಿವಿ ಮುಂದೆ ಕೂತರೆ ಏಳುವುದೇ ಇಲ್ಲ. ಮಗ ಏಳೂವರೆಗೆಲ್ಲ ಮಲಗುತ್ತಾನೆ. ಆದರೆ ರಾತ್ರಿ ಮೂರು ನಾಲ್ಕು ಸಲ ಏಳುತ್ತಾನೆ, ಬೆಳಿಗ್ಗೆ ಐದೂವರೆಗೆ ಎದ್ದರೆ ಮುಗಿಯಿತು. ಯಜಮಾನರು ಬಸ್ ಡ್ರೈವರ್, ಮಂಗಳೂರು ರೂಟ್. ನೈಟ್ ಡ್ಯೂಟಿ ಇದ್ದ ದಿನ ಬೆಳಿಗ್ಗೆ ಬಂದು ಹಗಲು ಮಲಗಬೇಕು. ಬ್ಲ್ಯಾಕ್‌ಔಟ್ ಪರದೆ (ಹೊರಗಿನ ಬೆಳಕು ಒಳಗೆ ಬಿಡದ ದಪ್ಪ ಪರದೆ) ಹಾಕಿಸಿ ಅಂತ ಎಲ್ಲರೂ ಹೇಳುತ್ತಾರೆ. ನೋಡಿದರೆ ನಾಲ್ಕೈದು ಸಾವಿರ ಆಗುತ್ತದೆ. ಕೂಸು ಇರುವ ಕೋಣೆ ಕತ್ತಲು ಮಾಡಬಾರದು, ಹೆದರಿಕೊಳ್ಳುತ್ತೆ ಅಂತ ಅತ್ತೆ ಬೇಡ ಅನ್ನುತ್ತಾರೆ. ಓನರ್ ಗೋಡೆಗೆ ಮೊಳೆ ಹೊಡೆಯಲು ಬಿಡಲ್ಲ. ನನಗಂತೂ ನಿದ್ದೆ ಇಲ್ಲದೆ ತಲೆಯೇ ಓಡುತ್ತಿಲ್ಲ. ಏನು ಮಾಡಲಿ?
— ಹೆಸರು ಬೇಡ, ಹಾಸನ

ಉತ್ತರ: ಮೊದಲು ದುಡ್ಡಿನ ಮಾತು ಮುಗಿಸೋಣ. ಪರದೆ ಈಗಲೇ ಆರ್ಡರ್ ಮಾಡಬೇಡಿ. ಮಲಗುವ ಕೋಣೆ ಕತ್ತಲಾಗಿರುವುದು ಒಳ್ಳೆಯದೇ, ಅದರಲ್ಲಿ ಅನುಮಾನ ಇಲ್ಲ. ಆದರೆ ನಿಮ್ಮ ಪತ್ರದಲ್ಲಿ ನಾಲ್ಕು ಜನರ ನಾಲ್ಕು ಥರದ ನಿದ್ದೆಯ ತೊಂದರೆ ಇದೆ. ಎಲ್ಲದರ ತಪ್ಪನ್ನೂ ಆ ಬೀದಿ ದೀಪದ ಮೇಲೆ ಹಾಕಿದ್ದೀರಿ. ನಿಮ್ಮ ಮಗಳ ನಿದ್ದೆ ಕೆಡಿಸುತ್ತಿರುವ ಬೆಳಕು ಬೀದಿಯದ್ದಲ್ಲ, ನಿಮ್ಮ ಹಾಲ್‌ನದ್ದು ಅಂತ ನನ್ನ ಲೆಕ್ಕಾಚಾರ. ಹನ್ನೊಂದು ಗಂಟೆಗೆ ಕೋಣೆಯನ್ನು ಎಷ್ಟು ಕತ್ತಲು ಮಾಡಿದರೂ, ಅದಕ್ಕೆ ಮುಂಚಿನ ಮೂರು ಗಂಟೆ ಮಗು ಟ್ಯೂಬ್‌ಲೈಟ್ ಕೆಳಗೆ ಕೂತಿದ್ದರೆ ಅರ್ಧ ಕೆಲಸ ಕೆಟ್ಟ ಹಾಗೆಯೇ.

ಯಾಕೆ ಅಂತ ಸ್ವಲ್ಪ ಹೇಳುತ್ತೇನೆ. ಕತ್ತಲಾಗುತ್ತಾ ಬಂದಂತೆ ಮಿದುಳಿನ ಒಳಗಿನ ಪೀನಿಯಲ್ ಎಂಬ ಪುಟ್ಟ ಗ್ರಂಥಿ ಮೆಲಟೋನಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ. ರಾತ್ರಿಯಾಯಿತು ಅಂತ ಮೈಗೆಲ್ಲ ತಿಳಿಸುವುದು ಅದರ ಕೆಲಸ. ಕಣ್ಣಿಗೆ ಬೆಳಕು ಬಿದ್ದರೆ ಅದು ಕಡಿಮೆಯಾಗುತ್ತದೆ. ಇದಕ್ಕೆಂದೇ ಕಣ್ಣಿನ ಹಿಂಪದರದಲ್ಲಿ ಬೇರೆ ಜೀವಕೋಶಗಳಿವೆ. ನಮಗೆ ಚಿತ್ರ ಕಾಣಿಸುವುದು ಅವುಗಳ ಮುಖ್ಯ ಕೆಲಸವಲ್ಲ, ಬೆಳಕು ಎಷ್ಟಿದೆ ಅಂತ ಅಳೆಯುವುದು. ನೀಲಿ ಅಂಶ ಜಾಸ್ತಿ ಇರುವ ಬೆಳಕಿಗೆ ಅವು ಜಾಸ್ತಿ ಸ್ಪಂದಿಸುತ್ತವೆ. ಬಿಳಿ ಎಲ್‌ಇಡಿಯಲ್ಲಿ ಆ ನೀಲಿ ಅಂಶ ಇದೆ. ಹಳೆಯ ಹಳದಿ ಸೋಡಿಯಂ ದೀಪದಲ್ಲಿ ತೀರಾ ಕಡಿಮೆ ಇತ್ತು. ಹಾಗಾಗಿ ದೀಪ ಬದಲಾದ ಮೇಲೆ ವ್ಯತ್ಯಾಸ ಗೊತ್ತಾಯಿತು ಅಂತ ನೀವು ಹೇಳುವುದು ಸುಮ್ನೆ ಭ್ರಮೆಯಲ್ಲ.

ಇನ್ನು ಚಿಕ್ಕ ಮಕ್ಕಳ ಕಣ್ಣು. ಅವರ ಕಣ್ಣಿನ ಪಾಪೆ ದೊಡ್ಡದು, ಮಸೂರ ತಿಳಿ. ನಮ್ಮ ನಿಮ್ಮ ಕಣ್ಣಿಗಿಂತ ಜಾಸ್ತಿ ಬೆಳಕು ಒಳಗೆ ಹೋಗುತ್ತದೆ. ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದವರು 2018ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಮೂರರಿಂದ ಐದು ವರ್ಷದ ಮಕ್ಕಳನ್ನು ಮಲಗುವ ಮುಂಚೆ ಒಂದು ಗಂಟೆ ಪ್ರಖರ ಬೆಳಕಿನ ಮೇಜಿನ ಮೇಲೆ ಆಡಲು ಬಿಟ್ಟರು. ಮೆಲಟೋನಿನ್ ಶೇ. 88ರಷ್ಟು ಇಳಿದಿತ್ತು. ಬೆಳಕು ಆರಿಸಿ 50 ನಿಮಿಷ ಕಳೆದರೂ ಹೆಚ್ಚಿನ ಮಕ್ಕಳಲ್ಲಿ ಅದು ಸರಿಯಾಗಿ ಮೇಲೇರಿರಲಿಲ್ಲ. 2022ರಲ್ಲಿ ಅದೇ ತಂಡ ಮಂದ ಬೆಳಕಿನಲ್ಲೂ ಪರೀಕ್ಷೆ ಮಾಡಿತು. ಸಾಮಾನ್ಯ ಮನೆಯ ಬೆಳಕಿಗಿಂತ ಎಷ್ಟೋ ಕಡಿಮೆ ಇದ್ದಾಗಲೂ ಮುಕ್ಕಾಲು ಭಾಗದಷ್ಟು ಇಳಿಕೆ ಕಂಡಿತು. ಪರೀಕ್ಷೆ ಮಾಡಿದ್ದು ಕೆಲವೇ ಮಕ್ಕಳ ಮೇಲೆ, ಅದನ್ನೂ ಹೇಳಬೇಕು. ಆದರೂ ದಿಕ್ಕು ಸ್ಪಷ್ಟ ಇದೆ. ನಿಮಗೆ ಇಷ್ಟು ಬೆಳಕು ಏನೂ ಅಲ್ಲ ಅನ್ನಿಸುವುದು ಮಗುವಿನ ಕಣ್ಣಿಗೆ ಬಹಳವೇ ಆಗಬಹುದು.

ಬೆಳಕನ್ನು ಲಕ್ಸ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ನಡು ಮಧ್ಯಾಹ್ನದ ಬಿಸಿಲು ಒಂದು ಲಕ್ಷ ಲಕ್ಸ್‌ನ ಹತ್ತಿರ ಹೋಗುತ್ತದೆ. ಮೋಡ ಕವಿದ ಆಷಾಢದ ಹಗಲಿನಲ್ಲೂ ಹೊರಗೆ ಸಾವಿರಗಟ್ಟಲೆ ಇರುತ್ತದೆ. ಟ್ಯೂಬ್‌ಲೈಟ್ ಹಾಕಿದ ಹಾಲ್‌ನಲ್ಲಿ ನೂರು, ಇನ್ನೂರು. ಹುಣ್ಣಿಮೆ ಬೆಳದಿಂಗಳು ಅರ್ಧ ಲಕ್ಸ್ ಕೂಡ ಇಲ್ಲ. ದೊಡ್ಡವರ ವಿಷಯದಲ್ಲಿ 2022ರಲ್ಲಿ ಹಲವು ದೇಶಗಳ ವಿಜ್ಞಾನಿಗಳು ಸೇರಿ ಒಂದು ಸಲಹೆ ಕೊಟ್ಟರು: ಮಲಗುವ ಮೂರು ಗಂಟೆ ಮೊದಲಿನಿಂದ ಕಣ್ಣಿಗೆ ಬೀಳುವ ಬೆಳಕು ಹತ್ತರ ಒಳಗಿರಲಿ, ಮಲಗಿದ ಮೇಲೆ ಒಂದರ ಒಳಗಿರಲಿ. ಅವರು ಲೆಕ್ಕ ಹಾಕಿದ್ದು ನೀಲಿ ಅಂಶಕ್ಕೆ ತೂಕ ಕೊಡುವ ಬೇರೆ ಲಕ್ಸ್‌ನಲ್ಲಿ. ನಮಗೆ ಆ ಸೂಕ್ಷ್ಮ ಬೇಡ. ಇಡೀ ಮನೆ ಹತ್ತು ಲಕ್ಸ್‌ಗೆ ಇಳಿಸುವುದು ನಡೆಯುವ ಮಾತೂ ಅಲ್ಲ, ಅಡುಗೆ ಮಾಡಬೇಕಲ್ಲ. ಆದರೆ ಇನ್ನೂರರಿಂದ ಮೂವತ್ತಕ್ಕೆ ಇಳಿಸಲು ಒಂದು ಸ್ವಿಚ್ ಸಾಕು.

ಈಗ ಬ್ಲ್ಯಾಕ್‌ಔಟ್ ಪರದೆಯ ಸಲಹೆ ಎಲ್ಲಿಂದ ಬಂತು ಅಂತ ನೋಡಿ. ಇದು ಹೆಚ್ಚಾಗಿ ಬರುವುದು ಬ್ರಿಟನ್, ಅಮೆರಿಕ, ಯುರೋಪಿನ ತಾಯಂದಿರಿಂದ. ಲಂಡನ್‌ನಲ್ಲಿ ಜೂನ್ ತಿಂಗಳಲ್ಲಿ ಬೆಳಿಗ್ಗೆ 4:45ರ ಸುಮಾರಿಗೆ ಸೂರ್ಯ ಹುಟ್ಟುತ್ತಾನೆ, ರಾತ್ರಿ 9:20ರ ಸುಮಾರಿಗೆ ಮುಳುಗುತ್ತಾನೆ. ಏಳು ಗಂಟೆಗೆ ಮಗುವನ್ನು ಮಲಗಿಸಬೇಕಾದ ಅಲ್ಲಿನವರಿಗೆ ಹೊರಗೆ ಇನ್ನೂ ಬಿಸಿಲು. ಅವರಿಗೆ ಆ ಪರದೆ ಬೇಕೇ ಬೇಕು. ನಾವಿರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಹಾಸನ, ಚಿಕ್ಕಮಗಳೂರಲ್ಲಿ ವರ್ಷವಿಡೀ ಸೂರ್ಯ ಹುಟ್ಟುವುದು ಹೆಚ್ಚುಕಡಿಮೆ ಆರರಿಂದ ಆರು ಐವತ್ತರ ನಡುವೆ. ಮುಳುಗುವುದು ಆರರಿಂದ ಏಳರ ಒಳಗೆ. ನಮಗೆ ಪ್ರಕೃತಿಯೇ ಹನ್ನೊಂದು ಗಂಟೆಗೂ ಜಾಸ್ತಿ ಕತ್ತಲು ಕೊಟ್ಟಿದೆ. ಅದನ್ನು ಹಾಳು ಮಾಡಿಕೊಳ್ಳುವವರು ನಾವೇ.

ಇದರಿಂದ ಇನ್ನೊಂದು ವಿಷಯ ಗೊತ್ತಾಗುತ್ತದೆ. ನಿಮ್ಮ ಮಗ ಐದೂವರೆಗೆ ಏಳುವುದು ಬೆಳಗಿನ ಬೆಳಕಿಗಲ್ಲ. ಆ ಹೊತ್ತಿಗೆ ನಮ್ಮೂರಲ್ಲಿ ಯಾವ ತಿಂಗಳಲ್ಲೂ ಸೂರ್ಯ ಬಂದಿರುವುದಿಲ್ಲ. ನಸುಕಿನ ಹೊತ್ತು ಮಕ್ಕಳ ನಿದ್ದೆ ತೆಳುವಾಗಿರುತ್ತದೆ. ಹಾಲಿನವರ ಬೈಕು, ಪಕ್ಕದ ಮನೆಯ ಸಂಪಿನ ಮೋಟರು, ಅತ್ತೆ ಎದ್ದು ಹಾಕುವ ಅಡುಗೆಮನೆ ಲೈಟು, ಯಾವುದಾದರೂ ಒಂದು ಸಾಕು. ಕೋಣೆಯ ಬಾಗಿಲ ಸಂದಿಯಲ್ಲಿ ಆ ಲೈಟ್ ಒಳಗೆ ಬರುತ್ತದೆಯೇ ನೋಡಿ. ಬರುತ್ತಿದ್ದರೆ ಒಂದು ಹಳೆಯ ಟವೆಲ್ ಸುತ್ತಿ ಬಾಗಿಲ ಬುಡಕ್ಕೆ ಇಡಿ. ಲೆಕ್ಕವನ್ನೂ ಹಾಕಿ ನೋಡಿ. ಏಳೂವರೆಗೆ ಮಲಗಿದ ಕೂಸು ಐದೂವರೆಗೆ ಎದ್ದರೆ ಹತ್ತು ಗಂಟೆ ರಾತ್ರಿ. ನಾಲ್ಕರಿಂದ ಹನ್ನೆರಡು ತಿಂಗಳ ಮಗುವಿಗೆ ಹಗಲು ರಾತ್ರಿ ಸೇರಿ 12ರಿಂದ 16 ಗಂಟೆ ನಿದ್ದೆ ಬೇಕು. ಹಗಲಿನ ಎರಡು ಮೂರು ನಿದ್ದೆ ಸೇರಿಸಿದರೆ ಅವನ ಖಾತೆ ಸರಿಯಾಗಿಯೇ ಇದೆ. ನಿಮಗೆ ಕಷ್ಟ ಅಷ್ಟೇ. ಐದೂವರೆಗೆ ಎದ್ದಾಗ ತಕ್ಷಣ ಹಾಲ್‌ಗೆ ಕರೆದುಕೊಂಡು ಬಂದು ಲೈಟ್ ಹಾಕಬೇಡಿ. ಅದೇ ಕತ್ತಲಲ್ಲಿ, ಮಾತಾಡಿಸದೆ, ಹಾಲು ಕೊಟ್ಟು ಮಗ್ಗುಲಲ್ಲೇ ಇಟ್ಟುಕೊಳ್ಳಿ. ಬರಬರುತ್ತಾ ಆರು, ಆರೂಕಾಲಿಗೆ ಹೋಗುವ ಸಾಧ್ಯತೆ ಇದೆ. ಏಳರವರೆಗೆ ಮಲಗುತ್ತಾನೆ ಅಂತ ನಾನು ಭರವಸೆ ಕೊಡುವುದಿಲ್ಲ.

ಬೀದಿ ದೀಪಕ್ಕೆ ಬರೋಣ. ಇವತ್ತು ರಾತ್ರಿ ಒಂಬತ್ತಕ್ಕೆ ಕೋಣೆಯ ದೀಪವೆಲ್ಲ ಆರಿಸಿ, ಮಕ್ಕಳು ತಲೆ ಇಡುವ ಜಾಗದಲ್ಲಿ ನೀವೇ ಹತ್ತು ನಿಮಿಷ ಮಲಗಿ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲಿ. ಆಮೇಲೆ ನೋಡಿ, ಬೆಳಕು ನಿಜವಾಗಿ ಎಲ್ಲಿಂದ ಬರುತ್ತಿದೆ? ನಮ್ಮ ಕಡೆಯ ಬಹಳ ಮನೆಗಳಲ್ಲಿ ಕಿಟಕಿಗೆ ಪರದೆ ಇರುತ್ತದೆ, ಮೇಲಿನ ವೆಂಟಿಲೇಟರ್‌ಗೆ ಏನೂ ಇರುವುದಿಲ್ಲ. ಬೀದಿ ದೀಪ ಎತ್ತರದಲ್ಲಿರುವುದರಿಂದ ಅದರ ಬೆಳಕು ವೆಂಟಿಲೇಟರ್‌ನಿಂದ ಇಳಿದು ನೇರ ದಿಂಬಿನ ಮೇಲೆ ಬೀಳುತ್ತದೆ. ಅಲ್ಲಿನ ಗಾಜಿಗೆ ಒಳಗಿನಿಂದ ಎರಡು ಪದರ ಬ್ರೌನ್ ಪೇಪರ್ ಅಂಟಿಸಿದರೆ ಮೂವತ್ತು ರೂಪಾಯಿಯಲ್ಲಿ ಮುಗಿಯಿತು. ಗಾಳಿ ಆಡುವ ಸಂದಿಯನ್ನು ಮಾತ್ರ ಮುಚ್ಚಬೇಡಿ. ದೀಪ ನೇರವಾಗಿ ಕಣ್ಣಿಗೆ ಕಾಣುತ್ತಿದ್ದರೆ ಹಾಸಿಗೆಯ ದಿಕ್ಕು ಬದಲಿಸಿ, ಕಾಲು ಇರುವ ಕಡೆ ತಲೆ ಬರಲಿ. ಬೆಳಕು ಕೋಣೆಯಲ್ಲಿ ಇದ್ದರೂ ಕಣ್ಣಿಗೆ ಬೀಳದಿದ್ದರೆ ಅರ್ಧ ತೊಂದರೆ ಹೋದಂತೆ. ಕಂಬದ ದೀಪಕ್ಕೆ ಮನೆ ಕಡೆಯಿಂದ ಒಂದು ತಗಡಿನ ಶೇಡ್ ಹಾಕಿಸಿಕೊಡಿ ಅಂತ ನಗರಾಡಳಿತದವರಿಗೆ ಅರ್ಜಿಯನ್ನೂ ಕೊಡಿ. ಆಗುತ್ತದೋ ಇಲ್ಲವೋ, ಕೇಳುವುದರಲ್ಲಿ ನಷ್ಟವಿಲ್ಲ.

ಕಿಟಕಿಗೆ ಈಗಿರುವ ರಾಡ್‌ಗೇ ಗಾಢ ಬಣ್ಣದ ಹಳೆಯ ಬೆಡ್‌ಶೀಟ್ ಎರಡು ಮಡಿಕೆ ಮಾಡಿ ಹಾಕಿ. ಮನೆಯಲ್ಲಿ ಜಮಖಾನ ಇದ್ದರೆ ಇನ್ನೂ ಒಳ್ಳೆಯದು, ನೇಯ್ಗೆ ದಪ್ಪ. ಬಟ್ಟೆ ಕಿಟಕಿ ಚೌಕಟ್ಟಿಗಿಂತ ಎರಡೂ ಕಡೆ ಅರ್ಧ ಅಡಿ ಹೊರಗೆ ಬರಬೇಕು, ಕೆಳಗೂ ಅಷ್ಟೇ. ದುಬಾರಿ ಪರದೆ ಕೊಂಡವರು ಬಂದು ದೂರುವುದು ಇದನ್ನೇ: ಬಟ್ಟೆಯಲ್ಲಿ ಬೆಳಕು ಬರಲ್ಲ, ಪಕ್ಕದ ಸಂದಿಯಲ್ಲಿ ಬರುತ್ತೆ. ರಾಡ್ ಇಲ್ಲದಿದ್ದರೆ ಚೌಕಟ್ಟಿನ ಒಳಗೆ ಒತ್ತಿ ನಿಲ್ಲುವ ಸ್ಪ್ರಿಂಗ್ ರಾಡ್ ಸಿಗುತ್ತದೆ, ಮೊಳೆ ಬೇಡ, ಓನರ್ ಜತೆ ಜಗಳವೂ ಬೇಡ. ಆದರೆ ಅದಕ್ಕೆ ಜಮಖಾನದ ಭಾರ ಹಾಕಬೇಡಿ, ಮಗು ಎಳೆದರೆ ಮೈಮೇಲೆ ಬೀಳುತ್ತದೆ. ಕಿಟಕಿಗೆ ಮರದ ಬಾಗಿಲಿರುವ ಹಳೆಯ ಮನೆಯವರಿಗೆ ಇದ್ಯಾವುದೂ ಬೇಕಿಲ್ಲ. ಒಂದು ಬಾಗಿಲು ಮುಚ್ಚಿ ಇನ್ನೊಂದನ್ನು ಗಾಳಿಗೆ ಸ್ವಲ್ಪ ಓರೆ ಮಾಡಿದರೆ ಸಾಕು. ಮೂಡಿಗೆರೆ, ಸಕಲೇಶಪುರ ಕಡೆಯ ಹೆಂಚಿನ ಮನೆಯವರು ಮಾತ್ರ ತಲೆ ಎತ್ತಿ ನೋಡಬೇಕು. ಗಾಜಿನ ಹೆಂಚು ತೊಟ್ಟಿಲ ಮೇಲೇ ಇದ್ದರೆ ತೊಟ್ಟಿಲನ್ನು ಸರಿಸಿ. ಕಾಫಿ ಕೊಯ್ಲಿನ ಕಾಲದಲ್ಲಿ ಕಣಕ್ಕೆ ಹಾಕಿದ ಫ್ಲಡ್‌ಲೈಟು ಮನೆಯ ಕಡೆ ತಿರುಗಿದ್ದರೆ ಅದನ್ನೂ ತಿರುಗಿಸಿ.

ಮಳೆಗಾಲಕ್ಕೆ ಒಂದು ಮಾತು. ನಮ್ಮ ಕಡೆ ದಪ್ಪ ಪರದೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೇವ ಹಿಡಿದು ಬೂಷ್ಟು ಕಟ್ಟುತ್ತದೆ. ಉಬ್ಬಸ, ನೆಗಡಿ ಇರುವ ಮಕ್ಕಳಿಗೆ ಬೂಷ್ಟು ಬೀದಿ ದೀಪಕ್ಕಿಂತ ಕೆಟ್ಟದ್ದು. ತೊಳೆಯಲು ಆಗುವ ಬಟ್ಟೆಯನ್ನೇ ಹಾಕಿ, ಬಿಸಿಲು ಬಂದ ದಿನ ಬಿಡದೆ ಒಣಗಿಸಿ. ಬ್ಲ್ಯಾಕ್‌ಔಟ್ ಬಟ್ಟೆಗಳಲ್ಲಿ ಹಲವಕ್ಕೆ ಹಿಂದೆ ಲೇಪನ ಇರುತ್ತದೆ, ನಾಲ್ಕು ಸಲ ಒಗೆದರೆ ಕಿತ್ತುಬರುತ್ತದೆ. ನನಗೆ ಅವು ಅಷ್ಟು ಇಷ್ಟವಿಲ್ಲದಿರುವುದಕ್ಕೆ ಇದೂ ಒಂದು ಕಾರಣ.

ಸುರಕ್ಷತೆಯ ವಿಷಯದಲ್ಲಿ ನಾನು ಸ್ವಲ್ಪ ಗಟ್ಟಿ. ಕತ್ತಲು ಮಾಡಬೇಕು ಅಂತ ತೊಟ್ಟಿಲ ಮೇಲೆ, ಸೀರೆ ಜೋಲಿಯ ಮೇಲೆ, ಮಗುವಿನ ಗಾಡಿಯ ಮೇಲೆ ಬಟ್ಟೆ ಹೊದಿಸಬೇಡಿ. ಒಳಗೆ ಸೆಕೆ ಏರುತ್ತದೆ, ಗಾಳಿ ಆಡುವುದಿಲ್ಲ. ತೆಳು ಸೊಳ್ಳೆ ಪರದೆ ಬೇರೆ ಮಾತು, ಅದು ಪರವಾಗಿಲ್ಲ. ಪರದೆಯ ದಾರ, ಬ್ಲೈಂಡ್‌ನ ಹಗ್ಗ ಮಗುವಿನ ಕೈಗೆ ಎಟುಕಬಾರದು. ಕುತ್ತಿಗೆಗೆ ಸುತ್ತಿಕೊಂಡು ಪ್ರಾಣ ಹೋದ ಪ್ರಕರಣಗಳು ಲೋಕದ ಎಲ್ಲ ಕಡೆ ಇವೆ. ಒಂದು ವರ್ಷ ತುಂಬುವವರೆಗೆ ಮಗುವನ್ನು ಅಂಗಾತವೇ ಮಲಗಿಸಿ, ಸಮತಟ್ಟಾದ ಗಟ್ಟಿ ಹಾಸಿಗೆ ಮೇಲೆ, ಮುಖದ ಹತ್ತಿರ ದಿಂಬು, ರಗ್ಗು ಇಲ್ಲದೆ. ತಾನಾಗಿ ಮಗುಚಿಕೊಂಡರೆ ಇರಲಿ. ಕೂಸಿಗೆ ಪಕ್ಕದಲ್ಲೇ ಬೇರೆ ಪುಟ್ಟ ಹಾಸಿಗೆ ಇದ್ದರೆ ಒಳ್ಳೆಯದು. ಮೂರೂವರೆ ವರ್ಷದವಳು ಉರುಳಾಡುತ್ತಾಳೆ, ಅಕ್ಕ ತಮ್ಮನ ನಡುವೆ ದೊಡ್ಡವರೊಬ್ಬರು ಇರಬೇಕು.

ಇನ್ನೊಂದು, ಇದು ಚಳಿಗಾಲದ್ದು. ಮಲೆನಾಡಿನ ಕಡೆ ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೆಂಡದ ಬಾಣಲೆ, ಇದ್ದಿಲು ಅಗ್ಗಿಷ್ಟಿಕೆ ಇಟ್ಟು ಮಲಗುವ ಅಭ್ಯಾಸ ಇದೆ. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಮಲಗಿದವರು ಏಳುವುದೇ ಇಲ್ಲ. ಸಂದಿಗಳನ್ನೆಲ್ಲ ಪರದೆಯಿಂದ ಮುಚ್ಚಿದ ಕೋಣೆಯಲ್ಲಿ ಈ ಅಪಾಯ ಇನ್ನೂ ಜಾಸ್ತಿ. ಮಲಗುವ ಕೋಣೆಗೆ ಕೆಂಡ ಬೇಡವೇ ಬೇಡ. ಸೊಳ್ಳೆ ಬತ್ತಿ, ಸಾಂಬ್ರಾಣಿ ಹೊಗೆಯೂ ಬೇಡ.

ನಿಮ್ಮ ಅತ್ತೆಯವರ ಮಾತಿಗೆ ಬರುತ್ತೇನೆ. ಅವರ ಮಾತು ಪೂರ್ತಿ ತಪ್ಪಲ್ಲ. ಏಳು ತಿಂಗಳ ಕೂಸಿಗೆ ಕತ್ತಲೆಂದರೆ ಭಯ ಎಂಬುದಿಲ್ಲ, ಒಂಬತ್ತು ತಿಂಗಳು ಹೊಟ್ಟೆಯಲ್ಲಿ ಕತ್ತಲಲ್ಲೇ ಇದ್ದು ಬಂದವನು. ಅವನಿಗೆ ಬೇಕಾದದ್ದು ಪಕ್ಕದಲ್ಲಿ ಅಮ್ಮ. ಆದರೆ ಎರಡು ಮೂರು ವರ್ಷದ ನಂತರ ಮಕ್ಕಳ ಕಲ್ಪನೆ ಬೆಳೆಯುತ್ತದೆ, ಆಗ ಕತ್ತಲ ಭಯ ನಿಜವಾಗಿಯೂ ಶುರುವಾಗುತ್ತದೆ. ನಿಮ್ಮ ಮಗಳಿಗೆ ಪುಟ್ಟ ದೀಪ ಬೇಕೆನಿಸಿದರೆ ಕೊಡಿ. ಹೆದರಿದ ಮಗು ಮಬ್ಬು ಬೆಳಕಿನಲ್ಲಿರುವ ಮಗುವಿಗಿಂತ ತಡವಾಗಿ ಮಲಗುತ್ತದೆ. ಜೀರೋ ಬಲ್ಬ್ ಹಾಕಿ, ಆದರೆ ಬಣ್ಣ ನೋಡಿ. ನಮ್ಮ ಮನೆಗಳಲ್ಲಿ ಯಾಕೋ ನೀಲಿ, ಹಸಿರು ಜೀರೋ ಬಲ್ಬ್‌ಗಳೇ ಜಾಸ್ತಿ. ಕಣ್ಣಿಗೆ ತಂಪು ಅಂತ ಕೊಳ್ಳುತ್ತಾರೆ. ನಿದ್ದೆಯ ಲೆಕ್ಕದಲ್ಲಿ ಆ ನೀಲಿಯೇ ತಪ್ಪು ಆಯ್ಕೆ. ಕೆಂಪು ಅಥವಾ ಕೇಸರಿ ಅರ್ಧ ವ್ಯಾಟ್ ಎಲ್‌ಇಡಿ ಸಾಕು. ಗೋಡೆಯ ಮೇಲೆ ಎತ್ತರದಲ್ಲಿ ಬೇಡ, ಮಂಚದ ಕೆಳಗೋ ಬೀರುವಿನ ಹಿಂದೆಯೋ ಇರಲಿ, ಬಲ್ಬ್ ಕಾಣಬಾರದು. ಲೈಟ್ ಹಾಕಿ ಮಲಗಿಸಿದರೆ ಮಕ್ಕಳಿಗೆ ಕನ್ನಡಕ ಬರುತ್ತದೆ ಅಂತ ಯಾರಾದರೂ ಹೆದರಿಸಿದರೆ ಚಿಂತೆ ಬೇಡ. 1999ರಲ್ಲಿ ಅಂಥದ್ದೊಂದು ಅಧ್ಯಯನ ಬಂದಿತ್ತು, ಮರು ವರ್ಷವೇ ಬೇರೆಯವರು ಪರೀಕ್ಷಿಸಿದಾಗ ಆ ಸಂಬಂಧ ಕಾಣಲಿಲ್ಲ.

ಅತ್ತೆಯವರ ಕಾಲದ ಇನ್ನೊಂದು ಅಭ್ಯಾಸವನ್ನು ಇಲ್ಲೇ ಹೇಳಬೇಕು, ನಿಮ್ಮ ಮಗನಿಗಲ್ಲದಿದ್ದರೂ ಓದುವ ಬೇರೆಯವರಿಗೆ. ಬಾಣಂತಿ ಕೋಣೆ. ಕಿಟಕಿ ಮುಚ್ಚಿ, ಹಗಲೂ ಕತ್ತಲು ಮಾಡಿ, ತಾಯಿ ಮಗುವನ್ನು ಅದರಲ್ಲೇ ಇಡುವುದು. ಹುಟ್ಟಿದ ಮಗುವಿಗೆ ಹಗಲು ರಾತ್ರಿಯ ಪರಿವೆ ಇರುವುದಿಲ್ಲ. ಅದರ ಒಳಗಡಿಯಾರ ನೆಲೆಗೊಳ್ಳಲು ಎರಡು ಮೂರು ತಿಂಗಳು ಬೇಕು. ಅದು ಕಲಿಯುವುದೇ ಹಗಲು ಬೆಳಕು, ರಾತ್ರಿ ಕತ್ತಲು ನೋಡಿ. ಇಡೀ ದಿನ ಕತ್ತಲಲ್ಲಿಟ್ಟರೆ ಕಲಿಯುವುದು ತಡವಾಗುತ್ತದೆ. ಅದಕ್ಕಿಂತ ಮುಖ್ಯ, ಕಾಮಾಲೆ. ಮೊದಲ ವಾರ ಮಗುವಿನ ಮೈ, ಕಣ್ಣಿನ ಬಿಳಿ ಹಳದಿಯಾಗುತ್ತಿದೆಯೇ ಅಂತ ಹಗಲು ಬೆಳಕಿನಲ್ಲೇ ನೋಡಬೇಕು. ಕತ್ತಲ ಕೋಣೆಯಲ್ಲಿ, ಹಳದಿ ಬಲ್ಬ್ ಕೆಳಗೆ ಅದು ಗೊತ್ತೇ ಆಗುವುದಿಲ್ಲ. ಗೊತ್ತಾಗುವ ಹೊತ್ತಿಗೆ ತಡವಾಗಿದ್ದರೆ ಮಿದುಳಿಗೇ ಹಾನಿ. ಎಳೆಗೂಸು ಇರುವ ಮನೆಯಲ್ಲಿ ಹಗಲು ಕಿಟಕಿ ತೆರೆದೇ ಇರಲಿ.

ಈಗ ಮಗಳು. ನೀವು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ: ಸಂಜೆ ಅಜ್ಜಿ ಜತೆ ಕಾಫಿ. ನನ್ನ ಕಣ್ಣು ಅಲ್ಲೇ ನಿಂತಿತು. ಕಾಫಿ ಸೀಮೆಯಲ್ಲಿ ಇದನ್ನು ಹೇಳುವುದು ಕಷ್ಟದ ಕೆಲಸ, ನನಗೆ ಗೊತ್ತು. ಬರೀ ಹಾಲು ಡಾಕ್ಟ್ರೇ, ಬಣ್ಣಕ್ಕೆ ಎರಡು ಚಮಚ ಡಿಕಾಕ್ಷನ್ ಅಷ್ಟೇ ಅನ್ನುತ್ತಾರೆ. ಹನ್ನೆರಡು ಹದಿನಾಲ್ಕು ಕೆಜಿ ತೂಗುವ ಮಗುವಿಗೆ ಆ ಎರಡು ಚಮಚವೂ ಲೆಕ್ಕಕ್ಕೆ ಬರುತ್ತದೆ. ದೊಡ್ಡವರ ಮೈಯಲ್ಲೇ ಕುಡಿದ ಕೆಫೀನಿನ ಅರ್ಧ ಕರಗಲು ಸುಮಾರು ಐದು ಗಂಟೆ ಬೇಕು. ಆರು ಗಂಟೆಯ ಕಾಫಿ ಹನ್ನೊಂದಕ್ಕೆ ಇನ್ನೂ ಅರ್ಧ ಉಳಿದಿರುತ್ತದೆ ಅಂತಾಯಿತು. ಚಿಕೋರಿ ಬೆರೆಸಿದ ಪುಡಿಯಾದರೆ ಕೆಫೀನ್ ಕಡಿಮೆ, ಆದರೆ ಇಲ್ಲ ಎಂದಲ್ಲ. ಕಾಫಿ, ಟೀ ಎರಡೂ ಊಟದ ಕಬ್ಬಿಣಾಂಶ ಮೈಗೆ ಹತ್ತದಂತೆ ತಡೆಯುತ್ತವೆ. ನಮ್ಮ ದೇಶದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 67 ಮಂದಿಗೆ ರಕ್ತಹೀನತೆ ಇದೆ ಅಂತ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಕಬ್ಬಿಣಾಂಶ ಕಡಿಮೆ ಇರುವ ಮಕ್ಕಳು ರಾತ್ರಿಯೆಲ್ಲ ಕಾಲು ಒದೆಯುತ್ತಾ, ಹಾಸಿಗೆಯಲ್ಲಿ ಸುತ್ತುತ್ತಾ ಮಲಗುವುದು ನಾವು ನೋಡುವ ವಿಷಯವೇ. ಹಾಗಾಗಿ ಕಾಫಿ ನಿಲ್ಲಿಸಿ. ಅಜ್ಜಿಯ ಜತೆ ಕೂರುವುದನ್ನು ನಿಲ್ಲಿಸಬೇಡಿ. ಅದೇ ಲೋಟದಲ್ಲಿ ಬಾದಾಮಿ ಪುಡಿ ಹಾಕಿದ ಹಾಲು ಕೊಟ್ಟರೆ ಅವಳಿಗೆ ಮರ್ಯಾದೆ ಉಳಿಯುತ್ತದೆ. ಅವಳಿಗೆ ಬೇಕಿರುವುದು ಲೋಟ, ಕಾಫಿಯಲ್ಲ.

ಮಧ್ಯಾಹ್ನದ ನಿದ್ದೆಯನ್ನೂ ನೋಡಿ. ನಾಲ್ಕರ ಮೇಲೂ ಮಲಗಿದ್ದರೆ ಎಬ್ಬಿಸಿ. ಮೂರರಿಂದ ಐದು ವರ್ಷದವರಿಗೆ ಒಟ್ಟು 10ರಿಂದ 13 ಗಂಟೆ ನಿದ್ದೆ ಸಾಕು. ಮಧ್ಯಾಹ್ನ ಎರಡೂವರೆ ಗಂಟೆ ಮಲಗಿ ಎದ್ದವಳು ರಾತ್ರಿ ಒಂಬತ್ತಕ್ಕೆ ಮಲಗು ಅಂದರೆ ಹೇಗೆ ಮಲಗುತ್ತಾಳೆ?

ಆಮೇಲೆ ಹಾಲ್‌ನ ಬೆಳಕು. ಎಂಟು ಗಂಟೆಗೆ ಹಾಲ್‌ನ ಟ್ಯೂಬ್‌ಲೈಟ್ ಆರಿಸಿ, ಮೂಲೆಯಲ್ಲಿ ಒಂದು ಹಳದಿ ಬಲ್ಬ್ ಹಾಕಿ. ಬಲ್ಬ್ ಡಬ್ಬಿಯ ಮೇಲೆ 2700ಕೆ ಅಥವಾ ವಾರ್ಮ್ ವೈಟ್ ಅಂತ ಇರುವುದನ್ನು ಕೇಳಿ ತನ್ನಿ, ಐದು ವ್ಯಾಟ್ ಸಾಕು. ಧಾರಾವಾಹಿ ನಿಲ್ಲಿಸಿ ಅಂತ ನಾನು ಅತ್ತೆಯವರಿಗೆ ಹೇಳುವುದಿಲ್ಲ, ಮನೆ ಮುರಿಯುವ ಕೆಲಸ ಡಾಕ್ಟರದ್ದಲ್ಲ. ದೂರದಲ್ಲಿರುವ ಟಿವಿಯ ಬೆಳಕು ತಲೆ ಮೇಲಿನ ಟ್ಯೂಬ್‌ಲೈಟ್‌ನಷ್ಟು ಇರುವುದೂ ಇಲ್ಲ. ತೊಂದರೆ ಅದರ ಅಳು, ಕಿರುಚಾಟದಲ್ಲಿದೆ, ಮಗು ಎದ್ದು ಹೋಗಲು ಬಿಡುವುದಿಲ್ಲ. ಮುಖದ ಹತ್ತಿರ ಹಿಡಿಯುವ ಮೊಬೈಲು ಮಾತ್ರ ಎರಡು ಲೆಕ್ಕದಲ್ಲೂ ಕೆಟ್ಟದ್ದು. ಎಂಟಕ್ಕೆ ಊಟ ಮುಗಿಸಿ, ಎಂಟೂವರೆಗೆ ಕೋಣೆಗೆ ಕರೆದುಕೊಂಡು ಹೋಗಿ, ಮಬ್ಬು ದೀಪದಲ್ಲಿ ಒಂದು ಕತೆ ಹೇಳಿ. ಪುಸ್ತಕ ಬೇಕಿಲ್ಲ. ಕತೆ ಹೇಳುವ ಕೆಲಸ ಅಜ್ಜಿಗೆ ವಹಿಸಿದರೆ ಧಾರಾವಾಹಿಯ ಸಮಸ್ಯೆಯೂ ಅರ್ಧ ಗಂಟೆ ತಾನಾಗಿ ಪರಿಹಾರ ಆಗುತ್ತದೆ. ಹನ್ನೊಂದಕ್ಕೆ ಮಲಗುತ್ತಿದ್ದವಳನ್ನು ಒಂದೇ ದಿನ ಒಂಬತ್ತಕ್ಕೆ ತರಲು ಹೋಗಬೇಡಿ. ಮೂರು ನಾಲ್ಕು ದಿನಕ್ಕೊಮ್ಮೆ ಕಾಲು ಗಂಟೆ ಹಿಂದೆ ತನ್ನಿ. ಕರೆಂಟ್ ಹೋದ ದಿನ ಮಕ್ಕಳು ಎಷ್ಟು ಬೇಗ ತೂಕಡಿಸುತ್ತವೆ ಅಂತ ನೀವೇ ನೋಡಿರುತ್ತೀರಿ, ಅಲ್ವಾ?

ಇದರ ಇನ್ನೊಂದು ಅರ್ಧ ಬೆಳಿಗ್ಗೆ ಇದೆ. ಏಳು ಗಂಟೆಗೆ ಪರದೆ ಪೂರ್ತಿ ಸರಿಸಿ, ಮಕ್ಕಳನ್ನು ಅಂಗಳಕ್ಕೋ ತಾರಸಿಗೋ ಕರೆದುಕೊಂಡು ಹೋಗಿ. ಇಪ್ಪತ್ತು ಮೂವತ್ತು ನಿಮಿಷ ಸಾಕು. ಬೆಳಗಿನ ಬೆಳಕು ಒಳಗಡಿಯಾರವನ್ನು ಮುಂದಕ್ಕೆ ತಳ್ಳುತ್ತದೆ, ರಾತ್ರಿ ನಿದ್ದೆ ಬೇಗ ಬರುತ್ತದೆ. ಬ್ಲ್ಯಾಕ್‌ಔಟ್ ಪರದೆ ಹಾಕಿ ಒಂಬತ್ತರವರೆಗೆ ತೆಗೆಯದ ಮನೆಗಳಲ್ಲಿ ಮಕ್ಕಳ ನಿದ್ದೆ ಇನ್ನೂ ತಡವಾಗುವುದು ಇದಕ್ಕೇ.

ಮಗ ರಾತ್ರಿ ಏಳುವುದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಏಳು ತಿಂಗಳಲ್ಲಿ ಒಂದೆರಡು ಸಲ ಹಾಲಿಗೆ ಏಳುವುದು ಸಹಜ, ಹಲ್ಲು ಬರುವಾಗ, ನೆಗಡಿಯಾದಾಗ ಇನ್ನೊಂದೆರಡು ಸಲ. ಕತ್ತಲು ಅದನ್ನು ನಿಲ್ಲಿಸುವುದಿಲ್ಲ, ಮತ್ತೆ ಮಲಗುವುದನ್ನು ಸುಲಭ ಮಾಡುತ್ತದೆ. ಹಾಲು ಕೊಡುವಾಗ ದೊಡ್ಡ ಲೈಟ್, ಮೊಬೈಲ್ ಟಾರ್ಚ್ ಬೇಡ. ಆ ಕೆಂಪು ಜೀರೋ ಬಲ್ಬ್‌ನ ಬೆಳಕಿನಲ್ಲೇ ಮುಗಿಸಿ. ಚೀಲ, ಬಟ್ಟೆ, ನೀರು ಎಲ್ಲ ಕೈಗೆಟುಕುವಂತೆ ಮೊದಲೇ ಇಟ್ಟುಕೊಳ್ಳಿ. ಹಾಲು ಕೊಡುತ್ತಾ ಫೋನ್ ನೋಡಿದರೆ ಮಗು ಮಲಗುತ್ತದೆ, ನಿಮಗೆ ನಿದ್ದೆ ಹೋಗುತ್ತದೆ.

ಯಜಮಾನರ ನಿದ್ದೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ರಾತ್ರಿ ಶಿರಾಡಿ ಘಾಟಿಯ ತಿರುವುಗಳಲ್ಲಿ ಅವರ ಬೆನ್ನ ಹಿಂದೆ ನಲವತ್ತು ಜನ ಕಣ್ಣು ಮುಚ್ಚಿ ಕೂತಿರುತ್ತಾರೆ. ಹಗಲು ಮಲಗುವವರಿಗೆ ಕತ್ತಲು ನಿಜವಾಗಿ ಬೇಕು. ಆದರೆ ಅವರಿಗೆ ಪರದೆಗಿಂತ ಕಣ್ಣಿಗೆ ಕಟ್ಟುವ ಬಟ್ಟೆಯ ಪಟ್ಟಿ ಮೇಲು. ನೂರಿನ್ನೂರು ರೂಪಾಯಿಗೆ ಸಿಗುತ್ತದೆ, ಎಲ್ಲಿ ಬೇಕಾದರೂ ನಡೆಯುತ್ತದೆ. ಅದನ್ನು ಮಕ್ಕಳಿಗೆ ಮಾತ್ರ ಕಟ್ಟಬೇಡಿ. ಫ್ಯಾನ್ ಶಬ್ದ ಹೊರಗಿನ ಸದ್ದನ್ನು ಮುಚ್ಚುತ್ತದೆ. ಅವರು ಮಲಗಿರುವ ಹೊತ್ತು ಕೂಸನ್ನು ಆ ಕತ್ತಲ ಕೋಣೆಯಲ್ಲಿ ಇಡಬೇಡಿ, ಅವನ ಹಗಲಿನ ನಿದ್ದೆ ಹಾಲ್‌ನಲ್ಲೇ ಆಗಲಿ. ಡ್ಯೂಟಿ ಮುಗಿಸಿ ತೂಕಡಿಸುತ್ತಿದ್ದರೆ ಡಿಪೋದಲ್ಲೇ ಅರ್ಧ ಗಂಟೆ ಮಲಗಿ ಆಮೇಲೆ ಬೈಕ್ ಹತ್ತಲಿ.

ನೈಟ್ ಡ್ಯೂಟಿ ಇಲ್ಲದ ರಾತ್ರಿಗಳಲ್ಲಿ ಅವರಿಗೆ ಒಂದು ಪಾಳಿ ಕೊಡಿ. ನೀವು ಒಂಬತ್ತಕ್ಕೆ ಮಲಗಿ, ಎರಡರವರೆಗೆ ಮಗುವನ್ನು ಸಮಾಧಾನ ಮಾಡುವುದು ಅವರ ಕೆಲಸ, ಹಾಲಿಗೆ ಮಾತ್ರ ನಿಮ್ಮನ್ನು ಎಬ್ಬಿಸಲಿ. ತಡೆಯಿಲ್ಲದ ನಾಲ್ಕೈದು ಗಂಟೆ ಸಿಕ್ಕರೆ ತಲೆ ಮತ್ತೆ ಓಡುತ್ತದೆ. ಬೆಳಿಗ್ಗೆ ಐದೂವರೆಯ ಪಾಳಿ ಅತ್ತೆಯವರದ್ದಾಗಲಿ, ಹೇಗೂ ಎದ್ದಿರುತ್ತಾರೆ. ಒಂದು ವಿಷಯ ಮಾತ್ರ ಗಮನಿಸಿ. ಮಗು ಮಲಗಿದಾಗಲೂ ನಿಮಗೆ ನಿದ್ದೆ ಬರುತ್ತಿಲ್ಲ, ಸುಮ್ನೆ ಅಳು ಬರುತ್ತದೆ, ಯಾವುದರಲ್ಲೂ ಮನಸ್ಸಿಲ್ಲ ಅಂತಾದರೆ ಅದು ಬೀದಿ ದೀಪದ ತೊಂದರೆಯೂ ಅಲ್ಲ, ನಿಮ್ಮ ತಪ್ಪೂ ಅಲ್ಲ. ಹೆರಿಗೆಯ ನಂತರದ ಖಿನ್ನತೆಗೆ ಒಳ್ಳೆಯ ಚಿಕಿತ್ಸೆ ಇದೆ. ಹತ್ತಿರದ ವೈದ್ಯರಿಗೆ ಹೇಳಿ, ಅಥವಾ ಸರ್ಕಾರದ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಕೊನೆಗೆ ಔಷಧಿ. ಮಲಗಲಿ ಅಂತ ನೆಗಡಿಯ ಸಿರಪ್ ಕೊಡುವವರಿದ್ದಾರೆ. ಎಳೆ ಮಕ್ಕಳಲ್ಲಿ ಅದು ಉಸಿರಾಟವನ್ನೇ ಕುಗ್ಗಿಸಬಹುದು, ಕೊಡಬೇಡಿ. ಮೆಲಟೋನಿನ್ ಸಿರಪ್, ಗಮ್ಮಿ ಕೂಡ ವೈದ್ಯರು ಹೇಳದೆ ಬೇಡ. ಮಗಳು ದಿನಾ ರಾತ್ರಿ ಜೋರಾಗಿ ಗೊರಕೆ ಹೊಡೆಯುತ್ತಾಳೆ, ಬಾಯಿ ತೆರೆದು ಮಲಗುತ್ತಾಳೆ, ಮಧ್ಯೆ ಉಸಿರು ನಿಂತ ಹಾಗಾಗುತ್ತದೆ ಅಂದರೆ ಗಂಟಲು ಮೂಗಿನ ಪರೀಕ್ಷೆ ಬೇಕು. ಕಾಲು ಒದೆಯುವುದು ಜಾಸ್ತಿ ಇದ್ದರೆ ರಕ್ತ ಪರೀಕ್ಷೆ.

ಮೊದಲು ಕಾಫಿ, ಹಾಲ್‌ನ ಲೈಟು, ವೆಂಟಿಲೇಟರ್‌ನ ಬ್ರೌನ್ ಪೇಪರ್ ಇಷ್ಟನ್ನೇ ಮಾಡಿ ಎರಡು ವಾರ ನೋಡಿ. ಆಮೇಲೂ ಹನ್ನೊಂದಕ್ಕೇ ಮಲಗುತ್ತಿದ್ದರೆ ನಿಮ್ಮ ಮಕ್ಕಳ ವೈದ್ಯರ ಹತ್ತಿರ ಹೋಗಿ. ಹೋಗುವಾಗ ಒಂದು ವಾರದ ಲೆಕ್ಕ ಬರೆದುಕೊಂಡು ಹೋಗಿ: ಎಷ್ಟಕ್ಕೆ ಎದ್ದಳು, ಮಧ್ಯಾಹ್ನ ಎಷ್ಟು ಮಲಗಿದಳು, ಸಂಜೆ ಏನು ಕುಡಿದಳು, ಎಷ್ಟಕ್ಕೆ ಲೈಟ್ ಆರಿಸಿದಿರಿ. ಪರದೆಯ ನಾಲ್ಕು ಸಾವಿರ ಅಲ್ಲಿಯವರೆಗೆ ಬ್ಯಾಂಕಿನಲ್ಲೇ ಇರಲಿ.